ಉಪ್ಪುನೀರಿನ ಟ್ಯಾಂಕು: ಖಾಲಿ ಇದ್ದ ಮೇಲಿನ ಅರ್ಧಕ್ಕೆ ಮೀನು ಹುಡುಕಿದ್ದು

ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಮನೆಗಳಲ್ಲಿ ಹೆಚ್ಚಾಗಿ ಒಂದೇ ನೋಟ. ಕೆಳಗೆ ಕಲ್ಲು. ಕಲ್ಲಿನ ಸಂದಿಯಲ್ಲಿ ಮೀನು. ಮೇಲೆ ಒಂದಡಿ ಬರೀ ನೀರು. ಹುಬ್ಬಳ್ಳಿ ನವನಗರದ ನಮ್ಮ ಮನೆಯ ಹಾಲ್‌ನಲ್ಲಿರುವ ಟ್ಯಾಂಕೂ ಹಾಗೇ ಇತ್ತು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್, ಕಲ್ಲು ಮರಳು ಕಳೆದರೆ ಸುಮಾರು 150. ಒಳಗೆ ಒಂದು ಬ್ಲೆನ್ನಿ, ಒಂದು ಗೋಬಿ, ಎರಡು ಕ್ಲೀನರ್ ಸೀಗಡಿ. ಎಲ್ಲವೂ ನೆಲದವು. "ಅಲ್ಲೋ, ಇಷ್ಟ್ ರೊಕ್ಕ ಹಾಕಿ ಮ್ಯಾಲಿನ ಅರ್ಧ ಹಂಗ ಖಾಲಿ ಬಿಟ್ಟೀಯಲ್ಲ" ಅಂತ ಅವ್ವ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಮೇಲೆ ಈಜುವ, ಜಗಳವಾಡದ ನಾಲ್ಕು ಮೀನು ತಂದು ಬಿಟ್ಟರೆ ಆಯಿತು ಅನಿಸಬಹುದು. ಅಷ್ಟು ಸುಲಭ ಇಲ್ಲ. ಸಿಹಿನೀರಿನಲ್ಲಿ ಗಪ್ಪಿ, ಹ್ಯಾಚೆಟ್ ಮೀನು ಅಂತ ಮೇಲ್ಮೈಗೇ ಅಂಟಿಕೊಂಡಿರುವ ಜಾತಿ ಬೇಕಾದಷ್ಟಿವೆ. ಕಡಲಿನ ಮೇಲ್ಮೈಯಲ್ಲಿ ಬದುಕುವ ಮೀನು ಯಾವುವು ನೋಡಿ: ಹಾರುವ ಮೀನು, ಸೂಜಿ ಮೂತಿಯ ನೀಡಲ್‌ಫಿಶ್, ಅರ್ಧ ಕೊಕ್ಕಿನ ಹಾಫ್‌ಬೀಕ್. ಇವು ಬಯಲಲ್ಲಿ ಓಡುವ ಮೀನು. ಮೂರಡಿ ಗಾಜಿನ ಡಬ್ಬಿಯಲ್ಲಿ ಮೂತಿ ಜಜ್ಜಿಕೊಂಡು ಸಾಯುತ್ತವೆ. ಅಂಗಡಿಯಲ್ಲಿ ಸಿಗುವ ಕಡಲ ಮೀನೆಲ್ಲ ಹೆಚ್ಚುಕಡಿಮೆ ಹವಳದ ದಿಬ್ಬದವು. ಅವಕ್ಕೆ ಕಲ್ಲೇ ಮನೆ. ಅಪಾಯ ಕಂಡರೆ ಓಡಿ ಹೋಗುವ ಜಾಗ ಕೆಳಗೇ ಇದೆ. ಹಾಗಾಗಿ ಮೇಲೆ ಬಾ ಅಂದರೆ ಬರುವುದಿಲ್ಲ.

ಮೀನು ಮೇಲೆ ಇರಬೇಕಾದರೆ ಮೇಲೆ ಇರುವುದಕ್ಕೆ ಕಾರಣ ಬೇಕು. ಅಲ್ಲೊಂದು ನೆರಳು, ಒಂದು ನಿಂತ ಮೂಲೆ, ಅಲ್ಲೇ ಊಟ. ಜೊತೆಗೆ ಹೊರಗೆ ಹಾರದಂತೆ ಒಂದು ಮುಚ್ಚಳ. ಅದಕ್ಕೇ ಮೊದಲು ಟ್ಯಾಂಕಿನ ಮೇಲಿನ ಆರು ಇಂಚನ್ನು ಸರಿ ಮಾಡಿದೆ. ಮೀನು ಆಮೇಲೆ.

ಮುಚ್ಚಳ

ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಮೇಲ್ಭಾಗದಲ್ಲಿ ಈಜುವ ಮೀನು ಅಂದರೆ ಹೊರಗೆ ಜಿಗಿಯುವ ಮೀನು ಅಂತಲೇ ತಿಳಿಯಬೇಕು. ರಾತ್ರಿ ದಿಢೀರನೆ ಲೈಟ್ ಹಾಕಿದರೆ ಸಾಕು, ಬೆಳಿಗ್ಗೆ ಸೋಫಾದ ಕೆಳಗೆ ಒಣಗಿ ಬಿದ್ದಿರುತ್ತವೆ.

ಗಾಜಿನ ಮುಚ್ಚಳ ಬೇಡ ಎಂದುಕೊಂಡೆ. ಕಾರಣ ಗಾಳಿ. 25 ಡಿಗ್ರಿಯಲ್ಲಿ ಸಿಹಿನೀರು ಒಂದು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಅದೇ ಬಿಸಿಯಲ್ಲಿ ಕಡಲ ನೀರು ಸುಮಾರು 6.8 ಮಾತ್ರ. ನೀರು ಬಿಸಿಯಾದಂತೆ ಅದೂ ಇಳಿಯುತ್ತದೆ. ಉಪ್ಪುನೀರಿನ ಮೀನಿಗೆ ಮೊದಲೇ ಗಾಳಿ ಕಡಿಮೆ, ಅದರ ಮೇಲೆ ಗಾಜು ಮುಚ್ಚಿದರೆ ಹೇಗೆ? ಬಿಸಿಯೂ ಒಳಗೇ ನಿಲ್ಲುತ್ತದೆ. ಗಾಜಿನ ಮೇಲೆ ಉಪ್ಪಿನ ಪೊರೆ ಕೂತು ಲೈಟೂ ಮಂಕಾಗುತ್ತದೆ. ಅಕ್ರಿಲಿಕ್ ಹಾಳೆ ಹಾಕಿದರೆ ತೇವಕ್ಕೆ ಕೆಲವೇ ವಾರದಲ್ಲಿ ಬಾಗುತ್ತದೆ.

ಉಳಿದದ್ದು ಬಲೆ. ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಸೊಳ್ಳೆ ಜಾಳಿಗೆ ಸುಲಭವಾಗಿ ಸಿಗುತ್ತದೆ, ಆದರೆ ಉಪ್ಪಿನ ಹನಿ ತಾಗಿ ಬಿಳಿ ಪುಡಿ ಉದುರಲು ಶುರುವಾಗುತ್ತದೆ. ಕಬ್ಬಿಣದ್ದಂತೂ ಕೇಳಲೇ ಬೇಡಿ. ನಾನು ತಂದದ್ದು ಬಣ್ಣವಿಲ್ಲದ ನೈಲಾನ್ ಬಲೆ, ಕಣ್ಣು ಕಾಲು ಇಂಚಿನದು. ಇದಕ್ಕಿಂತ ದೊಡ್ಡ ಕಣ್ಣಿದ್ದರೆ ಫೈರ್‌ಫಿಶ್‌ನಂಥ ಸಣಕಲು ಮೀನು ತೂರಿ ಹೋಗುತ್ತದೆ. ಇದಕ್ಕಿಂತ ಸಣ್ಣ ಕಣ್ಣಾದರೆ ಬೆಳಕು ಕಡಿಮೆ, ಧೂಳು ಜಾಸ್ತಿ.

ಚೌಕಟ್ಟಿಗೆ ಬಳಸಿದ್ದು ಮನೆ ವೈರಿಂಗ್‌ಗೆ ಹಾಕುವ ಪಿವಿಸಿ ಕೇಸಿಂಗ್ ಪಟ್ಟಿ. ದುರ್ಗದ ಬೈಲ್ ಕಡೆಯ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಏನಿಲ್ಲ. ಇದರ ಒಂದು ಗುಣ ಬಹಳ ಉಪಯೋಗಕ್ಕೆ ಬಂತು. ಕೆಳಗಿನ ಪಟ್ಟಿ, ಮೇಲಿನ ಮುಚ್ಚಳ ಎಂದು ಎರಡು ತುಂಡು ಇರುತ್ತದಲ್ಲ, ಬಲೆಯನ್ನು ಅವೆರಡರ ನಡುವೆ ಎಳೆದಿಟ್ಟು ಮುಚ್ಚಳ ಒತ್ತಿದರೆ ಟಕ್ ಅಂತ ಕೂತುಬಿಡುತ್ತದೆ. ಅಂಟೂ ಬೇಡ, ದಾರವೂ ಬೇಡ. ಬಲೆ ಸಡಿಲಾದರೆ ಬಿಚ್ಚಿ ಮತ್ತೆ ಎಳೆಯಬಹುದು.

ಪಟ್ಟಿಯ ಮೂಲೆಗಳನ್ನು 45 ಡಿಗ್ರಿಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿದೆ. ಒಳಮೂಲೆಗೆ ಅದೇ ಪಟ್ಟಿಯ ಸಣ್ಣ ತುಂಡು ಇಟ್ಟು ಪೈಪ್ ಸೊಲ್ಯೂಷನ್ ಹಚ್ಚಿ ಒಂದು ರಾತ್ರಿ ಒಣಗಲು ಬಿಟ್ಟೆ. ವಾಸನೆ ಪೂರ್ತಿ ಹೋಗುವ ತನಕ ಟ್ಯಾಂಕಿನ ಮೇಲೆ ಇಡಬಾರದು. ಮೂರಡಿಯನ್ನು ಒಂದೇ ಚೌಕಟ್ಟು ಮಾಡಿದರೆ ನಡುವೆ ಜೋತು ಬೀಳುತ್ತದೆ. ಹಾಗಾಗಿ ಎರಡು ತುಂಡು. ಟ್ಯಾಂಕಿನ ನಡುವೆ ಅಡ್ಡಲಾಗಿ ಗಾಜಿನ ಪಟ್ಟಿ ಇದೆ, ಎರಡೂ ಚೌಕಟ್ಟಿನ ಒಂದೊಂದು ಅಂಚು ಅದರ ಮೇಲೆ ಕೂರುತ್ತದೆ. ಊಟ ಹಾಕುವಾಗ ಬೇಕಾದ ಕಡೆಯದನ್ನು ಮಾತ್ರ ಎತ್ತಿದರೆ ಸಾಕು.

ವೈರು, ಪೈಪು ಹೋಗುವ ಕಡೆ ಪಟ್ಟಿಗೆ ಕಚ್ಚು ಹಾಕಬೇಕು. ಮೀನು ಹೊರಗೆ ಹೋಗುವುದು ಹೆಚ್ಚಾಗಿ ಇಂಥ ಕಚ್ಚಿನಿಂದಲೇ. ಕಿರುಬೆರಳು ತೂರುವಷ್ಟು ಸಂದಿ ಇದ್ದರೆ ಅದು ಬಾಗಿಲು ಇದ್ದ ಹಾಗೆಯೇ. ಕಚ್ಚಿನ ಸುತ್ತ ಉಳಿದ ಜಾಗಕ್ಕೆ ಫಿಲ್ಟರ್ ಸ್ಪಂಜಿನ ತುಂಡು ತುರುಕಿದ್ದೇನೆ.

ಹಿಂದಿನ ಗೋಡೆಯ ಹಲ್ಲು

ನಮ್ಮದು ಹಿಂದೆ ಒಂದು ಗಾಜಿನ ಗೋಡೆ ಕೊಟ್ಟು ಮಾಡಿದ ಟ್ಯಾಂಕು. ಮೇಲಿನ ನೀರು ಬಾಚಣಿಗೆಯಂಥ ಹಲ್ಲಿನ ಸಂದಿಯಿಂದ ಹಿಂದಿನ ಖಾನೆಗೆ ಬೀಳುತ್ತದೆ. ಅಲ್ಲಿ ಸ್ಪಂಜು, ಸೆರಾಮಿಕ್ ಉಂಗುರ ದಾಟಿ ಪಂಪಿನಿಂದ ವಾಪಸ್ ಮುಂದೆ ಬರುತ್ತದೆ. ಮೇಲ್ಮೈಯ ಜಿಡ್ಡನ್ನು ಎಳೆದುಕೊಳ್ಳುವುದು ಇದರ ಲಾಭ. ಮೇಲ್ಮೈಯ ಮೀನನ್ನೂ ಎಳೆದುಕೊಳ್ಳುವುದು ಇದರ ತೊಂದರೆ. ಹಲ್ಲಿನ ಸಂದಿ ಒಂದು ಸೆಂಟಿಮೀಟರ್ ಹತ್ತಿರ ಇತ್ತು. ಅದೇ ಬಲೆಯ ಒಂದು ಪಟ್ಟಿಯನ್ನು ಒಳಗಡೆಯಿಂದ ಸಿಲಿಕೋನ್‌ನಲ್ಲಿ ಅಂಟಿಸಿದೆ. ಸಿಲಿಕೋನ್ ಕೊಳ್ಳುವಾಗ ಬೂಸ್ಟು ತಡೆಯುವ ಔಷಧಿ ಬೆರೆಸಿದ ಬಾತ್‌ರೂಮಿನದು ಬೇಡ. ವಿನೆಗರ್ ವಾಸನೆ ಬರುವ ಸಾದಾ ಗಾಜಿನ ಸಿಲಿಕೋನ್ ಆದರೆ ಸರಿ. ಅಂಟಿಸುವ ಜಾಗ ಒಣಗಿರಬೇಕು, ಅದಕ್ಕೆ ನೀರನ್ನು ನಾಲ್ಕು ಇಂಚು ಇಳಿಸಿ ಒಂದು ದಿನ ಹಾಗೇ ಬಿಟ್ಟಿದ್ದೆ. ಆ ದಿನ ಪಂಪ್ ಬಂದ್, ಬರೀ ಏರ್ ಪಂಪ್.

ಆಮೇಲೆ ನೀರಿನ ಓಟ. ಪಂಪಿನ ಬಾಯಿ ಮೊದಲು ಕಲ್ಲಿನ ಕಡೆ ತಿರುಗಿತ್ತು. ಅದನ್ನು ಬಲಗಡೆ ಮೇಲ್ಮೈಗೆ ತಿರುಗಿಸಿದೆ. ಬಲಗಡೆ ನೀರು ಸದಾ ಅಲೆಯುತ್ತದೆ, ಗಾಳಿ ಸೇರುತ್ತದೆ. ಎಡಗಡೆ ಮುಂದಿನ ಮೂಲೆ ನಿಂತ ನೀರಿನಂತೆ ಶಾಂತ. ಪೂರ್ತಿ ಮೇಲ್ಮೈ ಕುದಿಯುವಂತೆ ಮಾಡಿದರೆ ಅಲ್ಲಿ ಯಾವ ಮೀನೂ ನಿಲ್ಲುವುದಿಲ್ಲ, ಸುಸ್ತಾಗಿ ಕೆಳಗೆ ಹೋಗುತ್ತದೆ. ಶಾಂತ ಮೂಲೆಯಲ್ಲಿ ಏರ್ ಪೈಪನ್ನು ಬಳೆಯಂತೆ ಸುತ್ತಿ ತೇಲಿಬಿಟ್ಟಿದ್ದೇನೆ. ತೇಲುವ ಕಾಳು ಅದರೊಳಗೇ ಉಳಿಯುತ್ತದೆ, ಹಿಂದಿನ ಖಾನೆಗೆ ಹೋಗುವುದಿಲ್ಲ. ಆ ಮೂಲೆಯ ಬಲೆಯ ಮೇಲೆ ಅಂಗೈ ಎರಡರಷ್ಟು ಕಪ್ಪು ಅಕ್ರಿಲಿಕ್ ತುಂಡು ಇಟ್ಟೆ. ನೆರಳು ಅಂದರೆ ಇಷ್ಟೇ.

ನೀರು, ಬಿಸಿಲು, ಒಗ್ಗರಣೆ

ನಮ್ಮಲ್ಲಿ ನಲ್ಲಿ ನೀರು ಮಲಪ್ರಭೆಯದು, ಜೊತೆಗೆ ಬೋರ್ ನೀರು. ಎರಡನ್ನೂ ನೇರವಾಗಿ ಹಾಕುವಂತಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್ ನೀರಿನಲ್ಲಿ ಗಡಸು. ಅಡುಗೆಮನೆಯ ಆರ್‌ಓ ಸಾಕು ಅನ್ನುವವರಿಗೆ ಒಂದು ಮಾತು. ಕುಡಿಯುವ ನೀರಿಗೆ ರುಚಿ ಬರಲಿ ಅಂತ ಬಹಳಷ್ಟು ಮಷಿನ್‌ಗಳು ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ಕೊನೆಗೆ ಬೆರೆಸುತ್ತವೆ. ಅದಕ್ಕೂ ಮೊದಲೇ ಪೈಪ್ ತೆಗೆದು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದುಕೊಳ್ಳುವ ಹರಳು) ಡಬ್ಬಿ ದಾಟಿಸಬೇಕು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಉಪ್ಪು ಅಂದರೆ ಅಡುಗೆ ಉಪ್ಪಲ್ಲ. ಕಡಲ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ನೂರಕ್ಕೆ ಸುಮಾರು 85 ಭಾಗ. ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ. ಅಕ್ವೇರಿಯಂಗೆಂದೇ ಬರುವ ಉಪ್ಪಿನ ಪುಡಿ ಬೇಕು. ಲೀಟರಿಗೆ 35 ಗ್ರಾಂ ಉಪ್ಪಿನಂಶ, ಸಾಂದ್ರತೆ 1.026ರ ಆಸುಪಾಸು. ಅಳೆಯಲು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ. ಅದನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, 35ರ ದ್ರಾವಣದಲ್ಲಿ ಹೊಂದಿಸಬೇಕು.

ಅಂಕೋಲಾದಿಂದ ಕ್ಯಾನಿನಲ್ಲಿ ಸಮುದ್ರದ ನೀರೇ ತರಬಹುದಲ್ಲ ಅಂತ ಗೆಳೆಯರು ಕೇಳುತ್ತಾರೆ. ದೂರವೇನಿಲ್ಲ, ನಿಜ. ಆದರೆ ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅಂಕೋಲಾದ ಹತ್ತಿರವೇ ಕಡಲು ಸೇರುತ್ತಾಳೆ. ನಮ್ಮೂರಿನ ಮಳೆಯ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಇನ್ನೊಂದು ಪಾಲು ಬೆಣ್ಣೆಹಳ್ಳದಿಂದ ಮಲಪ್ರಭೆ, ಕೃಷ್ಣೆ ಸೇರಿ ಆ ಕಡೆಯ ಕಡಲಿಗೆ. ಮಳೆಗಾಲದಲ್ಲಿ ಅಷ್ಟು ಸಿಹಿನೀರು ಬಂದು ಬೀಳುವ ದಡದಲ್ಲಿ ಉಪ್ಪಿನಂಶ ಒಂದೇ ಸಮ ಇರುವುದಿಲ್ಲ. ಕೆಸರು, ಕಸ, ರೋಗದ ಬೀಜ ಬೇರೆ. ಪುಡಿಯೇ ವಾಸಿ.

ಕಲ್ಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹವಳ ಮತ್ತು ಕಡಲಕುದುರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಯಾರಾದರೂ ಒಳ್ಳೆ ಹವಳದ ಕಲ್ಲು ಇದೆ ಸರ್ ಅಂದರೆ ಕೈ ಮುಗಿದು ಬನ್ನಿ. ನಮ್ಮದರಲ್ಲಿ ಇರುವುದು ಅಚ್ಚು ಹಾಕಿ ಮಾಡಿದ ಒಣ ಕಲ್ಲು. ಅದನ್ನು ಗೋಡೆಯಂತೆ ಪೇರಿಸದೆ ತಗ್ಗಾಗಿ ಜೋಡಿಸಿದ್ದೇನೆ. ಒಂದು ಕಂಬ ಮಾತ್ರ ಎಡ ಮೂಲೆಯಲ್ಲಿ ನೆರಳಿನ ಕೆಳಗೆ ಎತ್ತರಕ್ಕೆ ಹೋಗುತ್ತದೆ. ಮೇಲೆ ಇರುವ ಮೀನಿಗೆ ಓಡಿ ಇಳಿಯಲು ಮೆಟ್ಟಿಲು ಬೇಕಲ್ಲ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿಯ ಹಾಲ್‌ನಲ್ಲಿ ಟ್ಯಾಂಕಿನ ನೀರು 31 ಡಿಗ್ರಿ ದಾಟುತ್ತದೆ. ಬೇಕಾದದ್ದು 25, 26. ಚಿಲ್ಲರ್ ದುಬಾರಿ. ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಎರಡು ಸಣ್ಣ ಫ್ಯಾನ್ ಇಟ್ಟರೆ ಮೂರು ಡಿಗ್ರಿಯಷ್ಟು ಇಳಿಯುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣ ಗಾಳಿ, ಅದಕ್ಕೇ ಇದು ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ಇಷ್ಟು ಇಳಿಯದು. ಬಲೆಯ ಮುಚ್ಚಳ ಆಗಿದ್ದರಿಂದಲೇ ಈ ಗಾಳಿ ನೀರನ್ನು ಮುಟ್ಟುತ್ತದೆ ಅನ್ನುವುದು ಗಮನದಲ್ಲಿರಲಿ.

ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಲೀಟರ್ ಆವಿಯಾದರೆ 150 ಲೀಟರಿನ ಟ್ಯಾಂಕಿನಲ್ಲಿ ಉಪ್ಪಿನಂಶ 35ರಿಂದ 36ಕ್ಕೆ ಏರುತ್ತದೆ, ಅದೂ ಒಂದೇ ದಿನಕ್ಕೆ. ಅಷ್ಟೇ ಸಿಹಿನೀರು ವಾಪಸ್ ತುಂಬಬೇಕು. ಇದಕ್ಕೆ ಡೆಸರ್ಟ್ ಕೂಲರ್‌ನ ಫ್ಲೋಟ್ ವಾಲ್ವ್ ಹಾಕಿದೆ. ಪೂರ್ತಿ ಪ್ಲಾಸ್ಟಿಕ್ಕಿನದು ಹುಡುಕಿ ತರಬೇಕು. ಹಿತ್ತಾಳೆಯ ತುಂಡು ಇದ್ದರೆ ತಾಮ್ರ ನೀರಿಗೆ ಬಿಟ್ಟು ಸೀಗಡಿ ಸಾಯುತ್ತವೆ. ವಾಲ್ವನ್ನು ಹಿಂದಿನ ಪಂಪ್ ಖಾನೆಯಲ್ಲಿ ಕೂರಿಸಬೇಕು. ಆವಿಯಾದಾಗ ಮಟ್ಟ ಇಳಿಯುವುದು ಅಲ್ಲಿ ಮಾತ್ರ, ಮುಂದಿನ ನೀರು ಹಲ್ಲಿನ ಮಟ್ಟದಲ್ಲೇ ನಿಂತಿರುತ್ತದೆ. ಮೇಲೆ ಕಪಾಟಿನಲ್ಲಿ 10 ಲೀಟರ್ ಆರ್‌ಓ ಕ್ಯಾನ್. ದೊಡ್ಡ ಕ್ಯಾನ್ ಇಡಲಿಲ್ಲ. ವಾಲ್ವ್ ಕೈಕೊಟ್ಟು ಪೂರ್ತಿ ಕ್ಯಾನ್ ಸುರಿದರೂ ಉಪ್ಪಿನಂಶ 33ರ ಹತ್ತಿರ ನಿಲ್ಲುತ್ತದೆ, ಯಾರೂ ಸಾಯುವುದಿಲ್ಲ.

ಟ್ಯಾಂಕು ಅಡುಗೆಮನೆಯ ಬಾಗಿಲಿನ ಎದುರು ಇತ್ತು. ಒಗ್ಗರಣೆಯ ಹೊಗೆ ಬಂದು ಮೇಲ್ಮೈಯಲ್ಲಿ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತಿತ್ತು. ನೀರಿನ ಅಲೆ ಹೆಚ್ಚಿಸಿದ ಮೇಲೆ ಅದು ಹೋಯಿತು. ಸೊಳ್ಳೆಗೆ ಹಾಕುವ ಲಿಕ್ವಿಡ್ ಮಷಿನ್ ಮಾತ್ರ ಆ ರೂಮಿನಿಂದ ಖಾಯಂ ಹೊರಗೆ. ಅದರಲ್ಲಿರುವ ಪೈರೆತ್ರಾಯ್ಡ್ ಮೀನಿಗೂ ಸೀಗಡಿಗೂ ವಿಷ. ಕರೆಂಟ್ ಹೋದರೆ ಪಂಪ್ ಇನ್ವರ್ಟರ್ ಮೇಲೆ ಓಡುತ್ತದೆ, ಲೈಟು ಫ್ಯಾನು ಇಲ್ಲ.

ಬೇಡ ಅಂದ ಮೀನುಗಳು

ಮೇಲೆ ಈಜುತ್ತದೆ ಸರ್ ಅಂತ ಅಂಗಡಿಯವರು ತೋರಿಸುವ ಮೀನುಗಳಲ್ಲಿ ಅರ್ಧ ಕಣ್ಣಿಗೆ ಮೋಸ ಮಾಡುವವು. ಎಲ್ಲಕ್ಕಿಂತ ಮುದ್ದು ಬ್ಯಾಟ್‌ಫಿಶ್ ಮರಿ. ಒಣಗಿದ ಎಲೆ ತೇಲುತ್ತಿದೆಯೇನೋ ಅನ್ನುವಂತೆ ಮೇಲ್ಮೈಯಲ್ಲಿ ಓಲಾಡುತ್ತದೆ. ಕಡಲಲ್ಲೂ ಎಲೆಯಂತೆ ನಟಿಸಿಯೇ ಅದು ಬದುಕುವುದು. ಬೆಳೆದರೆ ಅರ್ಧ ಮೀಟರ್. ನಮ್ಮ ಟ್ಯಾಂಕಿನ ಅಗಲವೇ ಅಷ್ಟಿಲ್ಲ. ಬೆಳ್ಳಿ ಬಣ್ಣದ ಮೋನೊ ಕೂಡ ಹಾಗೇ, ಗುಂಪಾಗಿ ಸುತ್ತುತ್ತದೆ, ಚೆಂದವೂ ಹೌದು, ದೊಡ್ಡದಾಗುತ್ತದೆ. ಪಟ್ಟೆಪಟ್ಟೆಯ ಸಾರ್ಜೆಂಟ್ ಮೇಜರ್ ನಿಜಕ್ಕೂ ಮೇಲೇ ಇರುವ ಮೀನು, ಊಟಕ್ಕೆ ಮೊದಲು ಬರುವುದೂ ಅದೇ. ಆದರೆ ಪುಂಡ. ನೀಲಿ ಡ್ಯಾಮ್ಸೆಲ್, ಮೂರು ಪಟ್ಟೆಯ ಡ್ಯಾಮ್ಸೆಲ್ ಅಗ್ಗ, ಗಟ್ಟಿ, ಮತ್ತು ಮಹಾ ಜಗಳಗಂಟ. ಒಮ್ಮೆ ಬಿಟ್ಟರೆ ಕಲ್ಲೆಲ್ಲ ಎತ್ತದೆ ವಾಪಸ್ ಹಿಡಿಯಲು ಆಗುವುದಿಲ್ಲ.

ಆಂಥಿಯಸ್ ಬಗ್ಗೆ ಆಸೆ ಇತ್ತು. ಕಿತ್ತಳೆ ಬಣ್ಣ, ನಡುನೀರಿನಿಂದ ಮೇಲಕ್ಕೆ ತೇಲುತ್ತಲೇ ಇರುತ್ತವೆ. ಅವು ನೀರಿನಲ್ಲಿ ಹರಿದು ಬರುವ ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಮೀನು. ದಿನಕ್ಕೆ ಮೂರು ನಾಲ್ಕು ಸಲ ಊಟ ಹಾಕಬೇಕು. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವನಿಗೆ ಸಾಧ್ಯವಿಲ್ಲ.

ಹಸಿರು ಕ್ರೋಮಿಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯವರಿಗೆ ಹಿಡಿಸಲಿಕ್ಕಿಲ್ಲ. ಮೇಲ್ಭಾಗಕ್ಕೆ ಯಾವ ಮೀನು ಅಂದರೆ ಎಲ್ಲರೂ ಮೊದಲು ಹೇಳುವುದು ಅದನ್ನೇ. ಸಾಧು ಮೀನು ಅನ್ನುತ್ತಾರೆ. ಬೇರೆ ಮೀನಿನ ಜೊತೆ ಸಾಧುವೇ. ಆದರೆ ತಮ್ಮೊಳಗೆ ಒಂದನ್ನೊಂದು ಕುಕ್ಕುತ್ತವೆ. ಏಳು ತಂದರೆ ನಿಧಾನಕ್ಕೆ ಐದು, ಮೂರು, ಕೊನೆಗೆ ಒಂದು. ದೂರದಿಂದ ಬಂದ ಕ್ರೋಮಿಸ್‌ಗೆ ಯೂರೊನೀಮಾ ಅನ್ನುವ ಪರಜೀವಿಯ ಹುಣ್ಣು ಬೇರೆ ಬರುತ್ತದೆ. ಆರಡಿ ಟ್ಯಾಂಕಿದ್ದರೆ ನೋಡಬಹುದು. ಮೂರಡಿಗೆ ಬೇಡ.

ತಂದ ಮೀನುಗಳು

ಮೊದಲು ಒಸೆಲಾರಿಸ್ ಕ್ಲೌನ್ ಜೋಡಿ. ಕ್ಲೌನ್ ಮೇಲಿನ ಮೀನು ಅಂತ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ಅನಿಮೋನ್ (ಕಡಲಲ್ಲಿ ಕ್ಲೌನ್ ಮನೆ ಮಾಡಿಕೊಳ್ಳುವ, ಹೂವಿನಂಥ ಜೀವಿ) ಇಲ್ಲದ ಟ್ಯಾಂಕಿನಲ್ಲಿ, ಅದರಲ್ಲೂ ಮರಿ ಮಾಡಿಸಿ ಬೆಳೆಸಿದ ಕ್ಲೌನ್, ಹೆಚ್ಚಾಗಿ ಮೇಲಿನ ಮೂಲೆಯೊಂದನ್ನು ಹಿಡಿದುಬಿಡುತ್ತದೆ. ರಾತ್ರಿ ಮೇಲ್ಮೈಗೆ ತಾಗಿಕೊಂಡೇ ವಾಲಿ ಮಲಗುತ್ತದೆ. ಹೊಸಬರು ಸತ್ತಿತು ಅಂತ ಗಾಬರಿಯಾಗುವುದು ಇದನ್ನು ನೋಡಿಯೇ. ನಮ್ಮ ದೇಶದಲ್ಲೇ ಕ್ಲೌನ್ ಮರಿ ಮಾಡಿಸುವ ವಿಧಾನ ಇದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಕಡಲಿನಿಂದ ಹಿಡಿದದ್ದು ಬೇಡ, ಮರಿ ಮಾಡಿಸಿದ್ದೇ ಬೇಕು ಅಂತ ಕೇಳಿ ತಂದೆ. ಒಂದು ದೊಡ್ಡದು, ಒಂದು ಸಣ್ಣದು. ಎಲ್ಲ ಕ್ಲೌನ್‌ಗಳೂ ಹುಟ್ಟುವಾಗ ಗಂಡಾಗುವ ದಾರಿಯಲ್ಲೇ ಇರುತ್ತವೆ, ಜೋಡಿಯಲ್ಲಿ ಬಲವಾದದ್ದು ಹೆಣ್ಣಾಗುತ್ತದೆ. ಸಮಸಮ ಇದ್ದರೆ ಆ ತೀರ್ಮಾನಕ್ಕೇ ಕಚ್ಚಾಡುತ್ತವೆ. ಮರೂನ್ ಕ್ಲೌನ್, ಟೊಮೇಟೊ ಕ್ಲೌನ್ ಬೇರೆ ಜಾತಿ, ಸಿಡುಕಿನವು.

ಎರಡನೆಯದು ಬಂಗ್ಗಾಯ್ ಕಾರ್ಡಿನಲ್, ಒಂದು ಜೋಡಿ. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಮೀನು. ಸಾಕುವವರಿಗಾಗಿ ಹಿಡಿದು ಹಿಡಿದೇ ಅಳಿವಿನ ಅಂಚಿಗೆ ಬಂದಿದೆ, ಹಾಗಾಗಿ ಇದನ್ನೂ ಮರಿ ಮಾಡಿಸಿದ್ದೇ ಕೇಳಬೇಕು. ಈಜುವುದಕ್ಕಿಂತ ನಿಂತಲ್ಲೇ ತೇಲುವುದು ಜಾಸ್ತಿ. ಕಡಲಲ್ಲಿ ಸೀ ಅರ್ಚಿನ್ ಅನ್ನುವ, ಮೈತುಂಬ ಮುಳ್ಳಿರುವ ಜೀವಿಯ ಉದ್ದ ಮುಳ್ಳುಗಳ ನಡುವೆ ಅಡಗಿರುತ್ತದೆ. ಅದನ್ನೇ ಉಪಯೋಗಿಸಿಕೊಂಡೆ. ಒಂದು ಪಿವಿಸಿ ಎಂಡ್ ಕ್ಯಾಪಿಗೆ ತುಂಬ ತೂತು ಕೊರೆದು ಕಪ್ಪು ಕೇಬಲ್ ಟೈಗಳನ್ನು ಎಲ್ಲ ದಿಕ್ಕಿಗೂ ಚುಚ್ಚಿದೆ. ಆ ಮುಳ್ಳಿನ ಉಂಡೆಯನ್ನು ನೆಲಕ್ಕೆ ಇಡದೆ, ಮುಚ್ಚಳದ ಚೌಕಟ್ಟಿನಿಂದ ನೆರಳಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿದೆ. ನೀರಿನಿಂದ ನಾಲ್ಕು ಇಂಚು ಕೆಳಗೆ ಅದರ ತುದಿ. ಈಗ ಜೋಡಿ ಹಗಲಿಡೀ ಅಲ್ಲೇ ಇರುತ್ತದೆ. ನಾನು ಮಾಡಿದ ಕೆಲಸಗಳಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ಲೈಟ್ ಆರುವ ಮುಂಚೆ ಇವಕ್ಕೆ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಹಾಕಿದರೆ ಖುಷಿ. ಮೊಟ್ಟೆಗಳನ್ನು ಗಂಡು ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಆ ಮೂರು ನಾಲ್ಕು ವಾರ ಅದು ಊಟ ಬಿಟ್ಟರೆ ಚಿಂತೆ ಬೇಡ.

ಫೈರ್‌ಫಿಶ್ ಒಂದೇ. ಕಂಬದ ಸಂದಿಯಲ್ಲಿ ಮನೆ, ಅದರ ಮೇಲೆ ಅರ್ಧ ಅಡಿ ಎತ್ತರದಲ್ಲಿ ತೇಲಾಟ. ಎರಡಿದ್ದರೆ ಜಗಳ.

ಮಾಲಿಗೆ ಸಲೈನ್

ಮೇಲ್ಮೈಗೆ ನಿಜವಾಗಿ ಜೀವ ಬಂದದ್ದು ಇವುಗಳಿಂದ. ಹುಬ್ಬಳ್ಳಿಯ ಯಾವುದೇ ಮೀನಿನ ಅಂಗಡಿಯಲ್ಲಿ ಸಿಗುವ ಸಾದಾ ಕಪ್ಪು ಮಾಲಿ. ಸಿಹಿನೀರಿನ ಮೀನನ್ನು ಉಪ್ಪುನೀರಿಗೆ ಹಾಕುತ್ತಾರಾ ಅಂತ ಕೇಳುವವರೇ ಜಾಸ್ತಿ. ಮಾಲಿ ಮೂಲದಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ಕಡೆಯ ಅಳಿವೆಗಳ ಮೀನು. ಸಿಹಿನೀರು, ಸವಳು ನೀರು, ಕಡಲ ನೀರು ಮೂರರಲ್ಲೂ ಬದುಕುತ್ತದೆ. ಅದರ ಕಿವಿರಿನ ಜೀವಕೋಶಗಳು ಸಿಹಿನೀರಿನಲ್ಲಿ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತವೆ, ಉಪ್ಪುನೀರಿನಲ್ಲಿ ಹೊರಗೆ ತಳ್ಳುತ್ತವೆ. ಆ ಬದಲಾವಣೆಗೆ ಸಮಯ ಕೊಡಬೇಕು, ಅಷ್ಟೇ.

ಸಮಯ ಕೊಡಲು ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಸೆಟ್‌ಗಿಂತ ಒಳ್ಳೆ ಸಾಧನ ಇಲ್ಲ. "ಯಾರಿಗ್ರೀ ಸರ್, ಮನ್ಯಾಗ ಆರಾಮ ಇಲ್ಲೇನ್ರೀ?" ಅಂತ ಅಂಗಡಿಯವರು ಕೇಳಿದರು. "ಮೀನಿಗ್ರೀ" ಅಂದೆ. ಅವರು ಚಿಲ್ಲರೆ ಕೊಟ್ಟು ಸುಮ್ಮನಾದರು.

ಬಕೆಟ್ಟಿನಲ್ಲಿ ಅಂಗಡಿಯ ನೀರೂ ಸೇರಿ ನಾಲ್ಕು ಲೀಟರ್, ಅದರಲ್ಲಿ ಒಂದು ಗಂಡು, ಮೂರು ಹೆಣ್ಣು. ಗಂಡು ಹೆಚ್ಚಾದರೆ ಹೆಣ್ಣುಗಳನ್ನು ಅಟ್ಟಿಸಿಕೊಂಡೇ ಇರುತ್ತವೆ. ಸಣ್ಣ ಏರ್ ಸ್ಟೋನ್. ಮೇಲಿನ ಸ್ಟೂಲಿನಲ್ಲಿ 35ರ ಉಪ್ಪುನೀರಿನ ಕ್ಯಾನ್, ಅದರಿಂದ ಸಲೈನ್ ಪೈಪ್. ಉರುಳೆಯನ್ನು ನಿಮಿಷಕ್ಕೆ 60 ಹನಿಗೆ ನಿಲ್ಲಿಸಿದೆ. 20 ಹನಿಗೆ ಒಂದು ಮಿಲಿಲೀಟರ್ ಬೀಳುವ ಸೆಟ್ ಆದರೆ ಗಂಟೆಗೆ 180 ಮಿಲಿಲೀಟರ್. ಹನ್ನೆರಡು ಗಂಟೆಗೆ ಸುಮಾರು 2.2 ಲೀಟರ್ ಸೇರಿ ಉಪ್ಪಿನಂಶ 12ರ ಹತ್ತಿರ ಬರುತ್ತದೆ. ಆಗ ಅರ್ಧ ನೀರು ತೆಗೆದು ಮತ್ತೆ ಹನಿ ಬಿಡುವುದು. ಇನ್ನೊಂದು ಹನ್ನೆರಡು ಗಂಟೆಗೆ 21, 22. ಬಕೆಟ್ಟಿನಲ್ಲಿ ಫಿಲ್ಟರ್ ಇಲ್ಲ, ಹಾಗಾಗಿ ಹೀಗೆ ನೀರು ತೆಗೆಯುವುದರಿಂದ ಮೀನಿನ ಹೊಲಸಿನಿಂದಾಗುವ ಅಮೋನಿಯಾವೂ ಹೋಗುತ್ತದೆ. ಊಟ ಚಿಟಿಕೆಯಷ್ಟೇ. ರಿಫ್ರಾಕ್ಟೋಮೀಟರ್ 35 ತೋರಿಸುವ ತನಕ ಅವಸರ ಬೇಡ. ಮೀನು ಬಾಲ ಮಡಚಿ ಒಂದೇ ಕಡೆ ತೂಗಾಡಿದರೆ ಹನಿ ನಿಲ್ಲಿಸಿ ಕಾಯಬೇಕು.

ಹೊಟ್ಟೆ ಉಬ್ಬಿದ ಬಲೂನ್ ಮಾಲಿ ತರಬೇಡಿ. ನೀರಿನ ಓಟಕ್ಕೆ ಅದು ತಡೆಯುವುದಿಲ್ಲ.

ಸಿಹಿನೀರಿನಿಂದ ಬಂದ ಮಾಲಿ ಕಡಲ ರೋಗ ಹೊತ್ತು ತರುವುದಿಲ್ಲ. ಅದರ ಮೈಮೇಲಿನ ಸಿಹಿನೀರಿನ ಬಿಳಿಚುಕ್ಕೆ ರೋಗವೂ ಉಪ್ಪಿಗೆ ಸಾಯುತ್ತದೆ. ಉಳಿದ ಮೀನುಗಳನ್ನು ಮಾತ್ರ ಬೇರೆ ಡಬ್ಬಿಯಲ್ಲಿ ನಾಲ್ಕು ವಾರ ಇಟ್ಟು ನೋಡಿದೆ. ಕಡಲ ಬಿಳಿಚುಕ್ಕೆಗೆ ತಾಮ್ರದ ಔಷಧಿ ಬೇಕಾಗುತ್ತದೆ, ಸೀಗಡಿ ಇರುವ ಟ್ಯಾಂಕಿಗೆ ಅದನ್ನು ಹಾಕುವಂತಿಲ್ಲ. ಬಿಟ್ಟ ಕ್ರಮ ಹೀಗೆ: ಮೊದಲು ಫೈರ್‌ಫಿಶ್, ಆಮೇಲೆ ಕಾರ್ಡಿನಲ್, ಮಾಲಿ, ಎಲ್ಲಕ್ಕಿಂತ ಕೊನೆಗೆ ಕ್ಲೌನ್. ಅಂಜುಬುರುಕರಿಗೆ ಮೊದಲು ಜಾಗ ಸಿಗಬೇಕು. ಎರಡು ಗುಂಪಿನ ನಡುವೆ ಅಮೋನಿಯಾ, ನೈಟ್ರೈಟ್ ಸೊನ್ನೆ ಇದೆಯೇ ನೋಡಿ ಮುಂದಿನದು.

ಈಗ ಊಟದ ಹೊತ್ತಿಗೆ ಮಾಲಿಗಳು ಬಳೆಯೊಳಗೆ ಬಾಯಿ ತೆರೆದು ನಿಂತಿರುತ್ತವೆ. ಹೊಟ್ಟೆಬಾಕ ಮೀನು. ಅವಕ್ಕೆ ತೇಲುವ ಸ್ಪಿರುಲಿನಾ (ಒಣ ಪಾಚಿ) ಚೂರು ಎಡಗಡೆ ಹಾಕಿ, ಅವು ಅಲ್ಲಿ ಮುಳುಗಿರುವಾಗಲೇ ಬಲಗಡೆಯ ಓಟದ ನೀರಿಗೆ ಮೈಸಿಸ್ ಬಿಡಬೇಕು. ಇಲ್ಲದಿದ್ದರೆ ಉಳಿದವರಿಗೆ ಏನೂ ಸಿಗುವುದಿಲ್ಲ. ಬಿಡುವಿನಲ್ಲಿ ಗಾಜಿನ ಮೇಲಿನ ಪಾಚಿಯನ್ನೂ ಕೆರೆದು ತಿನ್ನುತ್ತವೆ, ಗಾಜು ಒರೆಸುವ ಕೆಲಸ ಕಡಿಮೆಯಾಗಿದೆ.

ಮಾಲಿ ಮರಿ ಹಾಕುವ ಮೀನು. ಹೆಚ್ಚಿನ ಮರಿಗಳನ್ನು ಕ್ಲೌನ್‌ಗಳು ತಿಂದು ಮುಗಿಸುತ್ತವೆ. ಬಲೆಯ ಕಾಲಿಂಚು ಕಣ್ಣಿನಲ್ಲಿ ತೂರಿ ಹಿಂದಿನ ಖಾನೆಗೆ ಬಿದ್ದವು ಮಾತ್ರ ಬದುಕುತ್ತವೆ. ಸ್ಪಂಜಿನ ಮೇಲೆ ಬೆಳೆದು ದಪ್ಪಗಾಗಿವೆ. ಪಕ್ಕದ ಮನೆಯ ಹುಡುಗ ತನ್ನ ಸಿಹಿನೀರಿನ ಟ್ಯಾಂಕಿಗೆ ಕೇಳಿದ್ದಾನೆ. ಅವು ಹುಟ್ಟಿದ್ದೇ 35ರಲ್ಲಿ, ನೇರ ಹಾಕುವಂತಿಲ್ಲ. ಸಲೈನ್ ಸೆಟ್ ತೊಳೆದು ಇಟ್ಟಿದ್ದೇನೆ. ಈ ಸಲ ಮೇಲಿನ ಕ್ಯಾನಿನಲ್ಲಿ ಅವನ ಟ್ಯಾಂಕಿನ ನೀರು.